ಕೂತಾಗ ನೋಡಿದ ಬಿಪಿ ಸಾಲದು, ನಿಲ್ಲಿಸಿಯೂ ನೋಡಿಸಿ

ನಿಮ್ಮ ತಂದೆಗೆ 72 ವರ್ಷ, ಹಾಸಿಗೆಯಿಂದ ಎದ್ದ ಕೂಡಲೇ ತಲೆ ಸುತ್ತುತ್ತೆ, ಮೆಡಿಕಲ್ ಶಾಪಲ್ಲಿ ನೋಡಿಸಿದ್ರೆ ಬಿಪಿ 100/60, ಉಪ್ಪು ಹಾಕಿದ ನಿಂಬೆ ಶರಬತ್ತು ಕೊಟ್ಟರೆ ಸಾಕಾ ಅಂತ ಕೇಳಿದ್ದೀರಿ.

ನಾನು ಡಾಕ್ಟರಲ್ಲ. ಕೋಲಾರದವನು, ರಿಟೈರ್ಡ್ ಬಸ್ ಕಂಡಕ್ಟರ್. ಮೂವತ್ತು ವರ್ಷ ಓಡೋ ಬಸ್ಸಲ್ಲಿ ಕಂಬಿ ಹಿಡಿಯದೆ ನಿಂತು ಟಿಕೆಟ್ ಹರಿದವನು ಹೋದ ಬೇಸಿಗೇಲಿ ನಮ್ಮನೆ ಬಚ್ಚಲಲ್ಲೇ ಬಿದ್ದೆ. ಬೆಳಗಿನ ಜಾವ ನಾಲ್ಕು ಗಂಟೆ, ಉಚ್ಚೆಗೆ ಎದ್ದಿದ್ದೆ. ಕಣ್ಣಿಗೆ ಕತ್ತಲೆ ಕವೀತು. ಕೈಗೆ ಸಿಕ್ಕಿದ್ದು ಬಾಗಿಲ ಮೊಳೆಗೆ ನೇತುಹಾಕಿದ್ದ ಟವೆಲ್. ಟವೆಲ್ ಸಮೇತ ಬಕೆಟ್ ಮೇಲೆ ಬಿದ್ದೆ. ಬೆಕ್ಕು ನುಗ್ಗಿದೆ ಅಂದ್ಕೊಂಡು ನನ್ನ ಹೆಂಡತಿ ಮಲಗಿದಲ್ಲಿಂದಲೇ ಗದರಿದಳಂತೆ.

ನಾನೂ ಮೊದಲು ಮಾಡಿದ್ದು ನೀವು ಹೇಳಿದ್ದನ್ನೇ. ಲೋ ಬಿಪಿ ಅಂತ ನಾನೇ ತೀರ್ಮಾನ ಮಾಡ್ಕೊಂಡು ಎರಡು ಹೊತ್ತೂ ಉಪ್ಪಿನಕಾಯಿ, ಉಪ್ಪು ಹಾಕಿದ ಮಜ್ಜಿಗೆ. ವಾರದಲ್ಲಿ ಪಾದ ಊದ್ಕೊಂಡಿತು, ತಲೆಸುತ್ತು ಇದ್ದಲ್ಲೇ ಇತ್ತು.

ಆಮೇಲೆ ಸಿಕ್ಕಿದ ಡಾಕ್ಟರಮ್ಮ ಐದು ನಿಮಿಷ ಮಲಗಿಸಿ ಬಿಪಿ ನೋಡಿದರು: 142/84. ಎದ್ದು ನಿಲ್ಲಿಸಿ ಒಂದು ನಿಮಿಷ ಆದಮೇಲೆ ಒಂದು ಸಲ, ಮೂರು ನಿಮಿಷ ಆದಮೇಲೆ ಇನ್ನೊಂದು ಸಲ ನೋಡಿದರು. 112/70ಕ್ಕೆ ಇಳಿದಿತ್ತು. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ಎದ್ದು ನಿಂತಾಗ ಬಿಪಿ ಕುಸಿಯೋ ಕಾಯಿಲೆಯಂತೆ. ನಿಂತಾಗ ಅರ್ಧ ಲೀಟರ್‌ಗೂ ಜಾಸ್ತಿ ರಕ್ತ ಕಾಲಿಗೂ ಹೊಟ್ಟೆಗೂ ಇಳಿಯುತ್ತೆ. ಪ್ರಾಯದಲ್ಲಿ ರಕ್ತನಾಳ ತಕ್ಷಣ ಬಿಗಿದು ಅದನ್ನ ಮೇಲೆ ತಳ್ಳುತ್ತೆ, ಮುಪ್ಪಲ್ಲಿ ತಡ ಆಗುತ್ತೆ. ಅಂದ್ರೆ ಮಲಗಿದಾಗ ನನಗಿದ್ದದ್ದು ಹೈ ಬಿಪಿ! ಅದರ ಮೇಲೆ ಉಪ್ಪು ಸುರೀತಿದ್ದೆ.

ಡಾಕ್ಟರಮ್ಮ ಆಮೇಲೆ ನನ್ನ ಮಾತ್ರೆ ಚೀಲ ಮೇಜಿನ ಮೇಲೆ ಸುರಿದರು. ಅಸಲು ವಿಷಯ ಅಲ್ಲಿತ್ತು. ಒಬ್ಬ ಡಾಕ್ಟರ್ ಬರೆದ ಬಿಪಿ ಮಾತ್ರೆ, ಅದರಲ್ಲೇ ನೀರು ಹೋಗಿಸೋ ಔಷಧಿ. ಇನ್ನೊಬ್ಬರು ಪ್ರಾಸ್ಟೇಟ್‌ಗೆ (ಗಂಡಸರ ಮೂತ್ರಚೀಲದ ಕೆಳಗಿನ ಗ್ರಂಥಿ) ಬರೆದ ಟ್ಯಾಮ್ಸುಲೋಸಿನ್ ಅನ್ನೋ ಮಾತ್ರೆ, ಅದೂ ರಕ್ತನಾಳ ಸಡಿಲ ಮಾಡುತ್ತಂತೆ. ಒಬ್ಬರಿಗೆ ಇನ್ನೊಬ್ಬರು ಬರೆದದ್ದು ಗೊತ್ತಿರಲಿಲ್ಲ, ನಾನೂ ಹೇಳಿರಲಿಲ್ಲ. ಸಾಲದ್ದಕ್ಕೆ ರಾತ್ರಿ ಏಳಬೇಕಾಗುತ್ತೆ ಅಂತ ಸಂಜೆಯಿಂದ ನೀರೇ ಕುಡೀತಿರಲಿಲ್ಲ. ಅವರು ಒಂದು ಮಾತ್ರೆ ಬದಲಾಯಿಸಿ, ಇನ್ನೊಂದರ ಹೊತ್ತು ಬದಲಾಯಿಸಿದರು. ನೀವಾಗೇ ಯಾವುದನ್ನೂ ನಿಲ್ಲಿಸಬೇಡಿ ಮತ್ತೆ.

ಈಗ ಏಳೋ ಮುಂಚೆ ಮಂಚದ ಅಂಚಲ್ಲಿ ಎರಡು ನಿಮಿಷ ಕೂತು ಪಾದ ಮೇಲೆ ಕೆಳಗೆ ಆಡಿಸ್ತೀನಿ. ತಂಬಿಗೆ ಪಕ್ಕದಲ್ಲೇ ಇರುತ್ತೆ, ಎರಡು ಲೋಟ ನೀರು ಕುಡಿದೇ ಕಾಲು ನೆಲಕ್ಕೆ. (ಹಾರ್ಟ್, ಕಿಡ್ನಿ ತೊಂದರೆ ಇರೋರು ನೀರಿನ ಅಳತೆ ಕೇಳ್ಕೊಬೇಕು.) ರಾತ್ರಿ ಉಚ್ಚೆಗೆ ಕೂತೇ ಹೋಗೋದು, ನಾಚಿಕೆ ಏನಿಲ್ಲ, ಮೂಳೆ ಮುರಿಯೋದಕ್ಕಿಂತ ವಾಸಿ. ಹಂಡೆ ಬಿಸಿನೀರು ಸುರ್ಕೊಂಡು ದಡಕ್ಕನೆ ಏಳೋದು ಬಿಟ್ಟೆ. ಊಟದ್ದೊಂದು ಮಾತ್ರ ಕಷ್ಟ ಆಯ್ತು. ಹೊಟ್ಟೆ ಬಿರಿಯೋ ಹಾಗೆ ಉಂಡರೆ ರಕ್ತ ಹೊಟ್ಟೆ ಕಡೆ ಹೋಗಿ ಎರಡು ಗಂಟೆ ಹೊತ್ತು ಬಿಪಿ ಇಳಿಯಬಹುದಂತೆ. ಅವರೆಕಾಳು ಸಾರಿದ್ದ ದಿನ ಎರಡು ಮುದ್ದೆ ಇಳಿಸ್ತಿದ್ದೆ, ಈಗ ಒಂದು.

ತಂದೇನ ಇನ್ನೊಂದು ಕೇಳಿ: ಎದ್ದಾಗ ಕಣ್ಣು ಕತ್ತಲೆಯಾ, ಇಲ್ಲ ಮಗ್ಗುಲು ಬದಲಿಸಿದಾಗ ಮನೆಯೇ ಗಿರಗಿರ ತಿರುಗುತ್ತಾ? ನಾವು ಎರಡಕ್ಕೂ ತಲೆಸುತ್ತು ಅಂತೀವಿ. ಮನೆ ತಿರುಗೋದು ಬಹಳ ಸಲ ಒಳಕಿವಿಯ ತೊಂದರೆ, ಅದರ ಚಿಕಿತ್ಸೆಯೇ ಬೇರೆ. ಶುಗರ್ ಇದ್ದರೆ ಸುತ್ತು ಬಂದಾಗಲೇ ಚೆಕ್ ಮಾಡಿ. ಪ್ರಜ್ಞೆ ತಪ್ಪಿದರೆ, ಎದೆನೋವು ಬಂದರೆ, ಮಾತು ತೊದಲಿದರೆ, ಒಂದು ಕಡೆ ಕೈಕಾಲು ಸೋತರೆ, ಮಲ ಕಪ್ಪಗಾದರೆ ಶರಬತ್ತು ಕಲಸ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ತಂದೆ ಯಾವ್ಯಾವ ಮಾತ್ರೆ ತಗೋತಾರೆ ಅಂತ ನೀವು ಬರೆದೇ ಇಲ್ಲ. ಆ ಚೀಲ ಸಮೇತ ಹೋಗಿ.