ಮಾರುವುದು ಕನ್ನಡದಲ್ಲಿ, ಒಪ್ಪಿಗೆ ಪಡೆಯುವುದು ಇಂಗ್ಲಿಷಿನಲ್ಲಿ

ಹೊಸ ಆ್ಯಪ್, ಕಂಪನಿಗಳ ಕೊಡುಗೆ, ಮಾಧ್ಯಮದ ವಿಮರ್ಶೆ, ಇವು ಯಾವುದನ್ನೂ ಸುಲಭವಾಗಿ ನಂಬದವರದು ಎಚ್ಚರಿಕೆಯೇ, ತಂತ್ರಜ್ಞಾನದ ಭಯವೇ ಎಂದು ನೀವು ಕೇಳಿದ್ದೀರಿ. ನಂಬದವರಲ್ಲಿ ನಾನೂ ಒಬ್ಬನಾದ್ದರಿಂದ ಉತ್ತರಿಸುತ್ತಿದ್ದೇನೆ.

ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪ ನಮ್ಮದು ಅಡಿಕೆ ತೋಟ. ಮರವೇರುವವರು ಸಿಗದ ಈ ಕಾಲದಲ್ಲಿ ನೆಲದಲ್ಲೇ ನಿಂತು ಗೊನೆ ಕೊಯ್ಯುವ ಉದ್ದನೆಯ ಕಾರ್ಬನ್ ಫೈಬರ್ ದೋಟಿ ಬಂದಾಗ ನಾವೂ ಒಂದನ್ನು ಕೊಂಡೆವು. ಕೊಳ್ಳುವ ಮೊದಲು ನೆರೆಯವರ ತೋಟಕ್ಕೆ ಹೋಗಿ ಅದನ್ನು ಎತ್ತಿ ನೋಡಿದೆವು, ಎರಡು ಗೊನೆ ಕೊಯ್ದು ನೋಡಿದೆವು, ದಿನವಿಡೀ ಮೇಲೆ ನೋಡಿ ಕೆಲಸ ಮಾಡಿದರೆ ಕುತ್ತಿಗೆ ಎಷ್ಟು ನೋಯುತ್ತದೆಂದು ಬಳಸಿದವರನ್ನೇ ಕೇಳಿದೆವು. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ, ತಂತಿ ಹಾದುಹೋದ ಕಡೆ ದೋಟಿ ಎತ್ತಬೇಡಿ ಎಂದು ಮೊದಲು ಎಚ್ಚರಿಸಿದವರೂ ಅವರೇ. ಆದ್ದರಿಂದ ನನ್ನ ಅನುಮಾನ ಯಂತ್ರದ ಮೇಲಲ್ಲ, ಅದನ್ನು ಮಾರುವ ಮಾತಿನ ಮೇಲೆ.

ನನ್ನ ಚಿಕ್ಕಪ್ಪನವರ ಅನುಭವವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅವರು ಕನ್ನಡ ಶಾಲೆಯಲ್ಲಿ ಕಲಿತವರು. ಮಲಯಾಳ ಮಾತನಾಡಬಲ್ಲರು, ಆದರೆ ಓದಲಾರರು, ಇಂಗ್ಲಿಷ್ ಅಕ್ಷರಗಳನ್ನು ಕಷ್ಟದಿಂದ ಕೂಡಿಸಿ ಓದುತ್ತಾರೆ. ಮೊದಲ ತಿಂಗಳಿಗೆ ಒಂದೇ ರೂಪಾಯಿ ಎಂದು ಅಚ್ಚ ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಬಂದ ಜಾಹೀರಾತನ್ನು ನೋಡಿ ಅವರು ಒಂದು ಮನರಂಜನೆಯ ಆ್ಯಪನ್ನು ತೆರೆದು ಯುಪಿಐ ಪಿನ್ ಒತ್ತಿದರು. ಆ ಪಿನ್ನು ಒಂದು ರೂಪಾಯಿಗೆ ಮಾತ್ರವಲ್ಲ, ಮುಂದೆ ಪ್ರತಿ ತಿಂಗಳು ತಾನಾಗಿಯೇ ಹಣ ಕಡಿತವಾಗಲು ಕೊಟ್ಟ ಒಪ್ಪಿಗೆಯೂ ಆಗಿತ್ತೆಂಬುದು ಕೆಳಗೆ ಬೂದು ಬಣ್ಣದ ಸಣ್ಣ ಇಂಗ್ಲಿಷ್ ಸಾಲಿನಲ್ಲಿತ್ತು. ಹೀಗೆ ಹಣ ತೆಗೆಯುವ 24 ಗಂಟೆ ಮೊದಲು ಗ್ರಾಹಕರಿಗೆ ತಿಳಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಅದರಂತೆ ಸಂದೇಶಗಳು ಬರುತ್ತಲೂ ಇದ್ದವು. ಅವೂ ಇಂಗ್ಲಿಷಿನಲ್ಲಿದ್ದುದರಿಂದ ಚಿಕ್ಕಪ್ಪ ಜಾಹೀರಾತೆಂದು ಭಾವಿಸಿ ಅಳಿಸುತ್ತಿದ್ದರು. ಏಳು ತಿಂಗಳು ಹಣ ಹೋಯಿತು. ಕಂಪನಿಗೆ ಕರೆ ಮಾಡಿದರೆ ಕೇರಳದ ಸಂಖ್ಯೆಯೆಂದು ಮಲಯಾಳದ ಧ್ವನಿ ಬರುತ್ತಿತ್ತು. ಕನ್ನಡಕ್ಕೆ ಯಾವ ಗುಂಡಿಯೂ ಇರಲಿಲ್ಲ.

ಇದು ಚಿಕ್ಕಪ್ಪನವರ ಅಜಾಗರೂಕತೆ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಮಾರಲು ಕನ್ನಡ ಗೊತ್ತಿದ್ದ ಕಂಪನಿಗೆ ಷರತ್ತು ಹೇಳಲೂ ಕನ್ನಡ ಗೊತ್ತಿರಲೇಬೇಕು. ಗ್ರಾಹಕರನ್ನು ಹೀಗೆ ಚಂದಾದಾರಿಕೆಯಲ್ಲಿ ಸಿಕ್ಕಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯು 13 ಬಗೆಯ ‘ಡಾರ್ಕ್ ಪ್ಯಾಟರ್ನ್’ಗಳಲ್ಲಿ, ಅಂದರೆ ಗ್ರಾಹಕರನ್ನು ದಾರಿತಪ್ಪಿಸುವ ಪರದೆಯ ತಂತ್ರಗಳಲ್ಲಿ, ಒಂದೆಂದು ಹೆಸರಿಸಿ ನಿಷೇಧಿಸಿದೆ. ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಅದರ ಷರತ್ತೂ ಅದೇ ಭಾಷೆಯಲ್ಲಿರಬೇಕೆಂದು ಅದೇ ಪ್ರಾಧಿಕಾರದ 2022ರ ಮಾರ್ಗಸೂಚಿ ಹೇಳುತ್ತದೆ. ವೈಯಕ್ತಿಕ ಮಾಹಿತಿ ಪಡೆಯುವಾಗ ಕೊಡುವ ಸೂಚನೆಯನ್ನು ಸಂವಿಧಾನದ 8ನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಅವಕಾಶವಿರಬೇಕೆಂದು 2023ರ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿದೆ. ಆ ಪಟ್ಟಿಯಲ್ಲಿ ಕನ್ನಡವಿದೆ. ರಾಜ್ಯ ಯಾವುದೆಂದು ನೋಡಿ ಭಾಷೆ ನಿರ್ಧರಿಸುವ ಕಂಪನಿಗಳಿಗೆ ಗಡಿಯ ಈಚೆಗಿರುವ ನಾವು ಜಾಹೀರಾತಿನ ಹೊತ್ತಿನಲ್ಲಿ ಮಾತ್ರ ಕನ್ನಡಿಗರಾಗುತ್ತೇವೆ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಮಾಧ್ಯಮದ ವಿಷಯದಲ್ಲಿ ನಮ್ಮ ಊರಿನ ಅನುಮಾನಕ್ಕೆ ಹಳೆಯ ಕಾರಣವಿದೆ. ನಮ್ಮ ಎಣ್ಮಕಜೆ ಪಂಚಾಯತಿನ ಗುಡ್ಡಗಳ ಗೇರು ತೋಟಗಳಿಗೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸುತ್ತಿದ್ದರು. ನಮ್ಮ ಆಡುಮಾತಿನಲ್ಲಿ ಅದಕ್ಕೂ ‘ಮದ್ದು’ ಎಂದೇ ಹೆಸರು. ಅದು ನಿರಪಾಯಕಾರಿ ಎಂಬ ಭರವಸೆಯನ್ನು ಕೇಳಿಕೊಂಡೇ ಇದೇ ಪಂಚಾಯತಿನ ಪಡ್ರೆ ಗ್ರಾಮದ ಜನರು ಮಕ್ಕಳ ಅಂಗವೈಕಲ್ಯವನ್ನು ಕಂಡರು. ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ. ಅಂಥ ಊರಿನವನಾದ ನಾನು ‘ಸುರಕ್ಷಿತ’ ಎಂಬ ಪದವನ್ನು ಓದಿದಾಗ, ಇದನ್ನು ಹೇಳಿದವರಿಗೆ ಹಣ ಕೊಟ್ಟವರು ಯಾರು ಎಂದು ಮೊದಲು ಹುಡುಕುತ್ತೇನೆ. ಕಂಪನಿಯೇ ಕೊಟ್ಟ ಫೋನನ್ನು ಹಿಡಿದು ಹೊಗಳುವ ವೀಡಿಯೊಗಳಲ್ಲಿ, ಸುದ್ದಿಯ ವೇಷದ ಜಾಹೀರಾತು ಪುಟಗಳಲ್ಲಿ ಆ ಉತ್ತರ ಕಣ್ಣಿಗೆ ಬೀಳದ ಮೂಲೆಯಲ್ಲಿರುತ್ತದೆ, ಕೆಲವೊಮ್ಮೆ ಇರುವುದೇ ಇಲ್ಲ. ಎಲ್ಲ ಮಾಧ್ಯಮವೂ ಹೀಗೆಂದು ನಾನು ಹೇಳುತ್ತಿಲ್ಲ. 1988ರಿಂದ ಪುತ್ತೂರಿನಿಂದ ಬರುತ್ತಿರುವ ಅಡಿಕೆ ಪತ್ರಿಕೆಯಲ್ಲಿ ಕೃಷಿಕರೇ ತಮ್ಮ ಅನುಭವವನ್ನು ಬರೆಯುತ್ತಾರೆ. ಅಲ್ಲಿ ಓದಿದ್ದನ್ನು ನಾನು ನಂಬಿ ಪ್ರಯೋಗ ಮಾಡಿದ್ದೇನೆ.

ಚಿಕ್ಕಪ್ಪನವರ ಯುಪಿಐ ಆ್ಯಪಿನ ‘ಆಟೋಪೇ’ ವಿಭಾಗದಲ್ಲಿ ಆ ಒಪ್ಪಿಗೆಯನ್ನು ರದ್ದುಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲೇ ದೂರು ದಾಖಲಿಸಿದೆವು. ಎರಡು ತಿಂಗಳ ಹಣ ಮರಳಿ ಬಂತು, ಐದು ತಿಂಗಳದ್ದು ಬರಲಿಲ್ಲ. ಈಗ ಒಪ್ಪಿಗೆ ಕೇಳುವ ಪರದೆ ಬಂದರೆ ಅವರು ಫೋನನ್ನು ಹಾಗೆಯೇ ಜಗಲಿಯ ಮೇಲಿಟ್ಟು ಸಂಜೆ ನಾನು ಬರುವವರೆಗೆ ಕಾಯುತ್ತಾರೆ. ನಾನು ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದ ಮೇಲೆ ಹೆಚ್ಚಿನವಕ್ಕೆ ಬೇಡ ಎನ್ನುತ್ತಾರೆ.