ಉತ್ತರ: ಹಳೆ ಮಲ್ಟಿಮೀಟರ್‌ನಲ್ಲಿ 8 ಇದ್ದದ್ದು 3 ಆಗಿ ಕಾಣುತ್ತಿದೆ

ವೋಲ್ಟೇಜ್, ಕರೆಂಟ್ ಅಳೆಯುವ ನಿಮ್ಮ ಮಲ್ಟಿಮೀಟರ್‌ನ ಡಿಸ್‌ಪ್ಲೇ ಗಾಜಿನ ಅಂಚು ಒತ್ತಿದರೆ ಅಂಕಿ ಸರಿಯಾಗುತ್ತದೆ ಅಂದಿರಲ್ಲ, ಅಲ್ಲೇ ಉತ್ತರ ಇದೆ. ಡಿಸ್‌ಪ್ಲೇ ಹೋಗಿಲ್ಲ, ಬೋರ್ಡ್ ಬದಲಿಸಬೇಡಿ. ಗಾಜಿಗೂ ಬೋರ್ಡಿಗೂ ನಡುವೆ ಒಂದು ರಬ್ಬರ್ ಪಟ್ಟಿ ಇರುತ್ತದೆ, ಜೀಬ್ರಾ ಸ್ಟ್ರಿಪ್ ಅಂತಾರೆ. ಕರೆಂಟ್ ಹರಿಯುವ ಪದರ, ಹರಿಯದ ಪದರ ಒಂದಾದ ಮೇಲೊಂದು. ಬೋರ್ಡಿನಿಂದ ಗಾಜಿಗೆ ಸಂಪರ್ಕ ಕೊಡೋದು ಇದೇ. ಧೂಳು, ಜಿಡ್ಡು ಕೂತರೆ ಅಂಕಿಯ ಕೆಲವು ಗೆರೆಗಳು ಮಾಯ, 8 ಹೋಗಿ 3 ಆಗುತ್ತದೆ.

ಮೊದಲು ಪ್ರೋಬ್ (ಅಳೆಯುವ ವೈರು) ಕಿತ್ತು, ಬ್ಯಾಟರಿ ತೆಗೆಯಿರಿ. ಬೋರ್ಡ್ ಮೆಲ್ಲಗೆ ಎತ್ತಿ. ನಿಮ್ಮದು ಡಿಟಿ-830 ಥರದ ಮೀಟರ್ ಆದರೆ ತಿರುಗಿಸುವ ನಾಬ್‌ನಲ್ಲಿ ಸಣ್ಣ ಸ್ಪ್ರಿಂಗ್, ಉಕ್ಕಿನ ಗುಂಡು ಇರುತ್ತವೆ. ಹಾರಿ ಮಂಚದ ಕೆಳಗೆ ಹೋದರೆ ಸಂಜೆಯೆಲ್ಲ ಹುಡುಕಾಟವೇ! ತಟ್ಟೆಯೊಳಗೆ ಇಟ್ಟು ಬಿಚ್ಚಿ. ಪಟ್ಟಿಯ ಎರಡೂ ಅಂಚು, ಗಾಜಿನ ಅಂಚು, ಬೋರ್ಡಿನ ಚಿನ್ನದ ಬಣ್ಣದ ಗೆರೆಗಳು, ಎಲ್ಲವನ್ನೂ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಚ್ಚಿದ ನೂಲು ಬಿಡದ ಬಟ್ಟೆಯಿಂದ ಒರೆಸಿ. ಐಪಿಎ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ. ಥಿನ್ನರ್ ಮಾತ್ರ ಬೇಡ, ಪ್ಲಾಸ್ಟಿಕ್ ಕರಗುತ್ತದೆ. ಒರೆಸಿದ ಮೇಲೆ ಬೆರಳು ತಾಗಿಸಬೇಡಿ. ಸೆಲೆಕ್ಟರ್ ಸ್ವಿಚ್ಚಿನ ತಾಮ್ರದ ಬಳೆಗಳನ್ನೂ ಹಾಗೇ ಒರೆಸಿಬಿಡಿ.

ಹೊಸ 1.5 ವೋಲ್ಟ್ ಸೆಲ್ ಅಳೆದರೆ ಮೀಟರ್ 1.9 ತೋರಿಸುತ್ತದೆ ಅಂತಲೂ ಕೇಳಿದ್ದೀರಿ. ಅದಕ್ಕೆ ಪ್ರೀಸೆಟ್ (ರೀಡಿಂಗ್ ಸರಿಹೊಂದಿಸುವ, ಒಳಗಿನ ಸಣ್ಣ ತಿರುಪು) ತಿರುಗಿಸಲು ಹೋಗಬೇಡಿ. ಮೊದಲು ಮೀಟರ್ ಒಳಗಿನ 9 ವೋಲ್ಟ್ ಬ್ಯಾಟರಿ ಬದಲಿಸಿ. 7106 ಅನ್ನೋ ಅಳತೆಯ ಚಿಪ್ ಇರುವ ಮೀಟರ್‌ಗಳಲ್ಲಿ ಬ್ಯಾಟರಿ ಇಳಿದಾಗ ರೆಫರೆನ್ಸ್ ವೋಲ್ಟೇಜೂ (ಹೋಲಿಸಿ ಅಳೆಯಲು ಮೀಟರ್ ಬಳಸುವ ವೋಲ್ಟೇಜು) ಇಳಿಯುತ್ತದೆ, ಹಾಗಾಗಿ ರೀಡಿಂಗ್ ಜಾಸ್ತಿ ಬರುತ್ತದೆ. ಹೊಸ ಬ್ಯಾಟರಿ ಹಾಕಿದ ಮೇಲೂ ತಪ್ಪು ಬಂದರೆ, ನಂಬಿಕೆಯ ಇನ್ನೊಂದು ಮೀಟರ್ ಪಕ್ಕದಲ್ಲಿಟ್ಟುಕೊಂಡು ಪ್ರೀಸೆಟ್ ಮುಟ್ಟಿ.

ಫ್ಯೂಸ್ ಜಾಗದಲ್ಲಿ ಯಾರೋ ತಂತಿ ಸುತ್ತಿದ್ದಾರೆ ಅಂತಲೂ ಬರೆದಿದ್ದೀರಿ. ಅದನ್ನು ಇವತ್ತೇ ತೆಗೆದು, ಅಲ್ಲಿ ಬರೆದಿರುವ ರೇಟಿಂಗ್‌ನ ಫ್ಯೂಸನ್ನೇ ಹಾಕಿ. ಅಲ್ಲಿಯವರೆಗೆ 230 ವೋಲ್ಟ್ ಲೈನಿಗೆ ಆ ಮೀಟರ್ ಹಚ್ಚಬೇಡಿ.