ಒಂದು ವರ್ಷದ ಪ್ರವಾಸ: ಟಿಕೆಟ್ ಎಲ್ಲಾ ಈಗಲೇ ಬುಕ್ ಮಾಡಬೇಕಾ?

ವರ್ಷಪೂರ್ತಿ ಹತ್ತು ದೇಶ ಸುತ್ತಬೇಕು, ಖರ್ಚು ಉಳಿಸೋಕೆ ಎಲ್ಲಾ ಟಿಕೆಟ್ ಈಗಲೇ ತಗೊಳ್ಳಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಬಹುತೇಕ ವಿಮಾನಗಳ ಸೀಟು ಸುಮಾರು 11 ತಿಂಗಳು ಮುಂಚೆಯಷ್ಟೇ ಮಾರಾಟಕ್ಕೆ ಬರುತ್ತವೆ, ಹಾಗಾಗಿ ಕೊನೆಯ ಹಂತದ ಟಿಕೆಟ್ ಈಗ ಸಿಗೋದೇ ಇಲ್ಲ. ಮೊದಲ ದೂರದ ಪ್ರಯಾಣ ಮಾತ್ರ ಖಚಿತ ಮಾಡಿ.

ಟಿಕೆಟ್‌ಗಿಂತ ಮೊದಲು ವೀಸಾ ದಿನಗಳ ಲೆಕ್ಕ ಹಾಕಿ. ಎಲ್ಲರೂ ಎಡವೋದು ಇಲ್ಲೇ. ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳು) ಯಾವುದೇ 180 ದಿನದೊಳಗೆ 90 ದಿನ ಮಾತ್ರ ಇರಬಹುದು. ಒಳಗೆ ಬಂದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಮಾರ್ಚ್ 1ಕ್ಕೆ ಹೋದರೆ ಮೇ 29ಕ್ಕೆ 90 ಮುಗಿಯಿತು, ಆಗಸ್ಟ್ 28ಕ್ಕಿಂತ ಮೊದಲು ಮತ್ತೆ ಅಲ್ಲಿಗೆ ಹೋಗುವಂತಿಲ್ಲ. ನಿಮ್ಮ ವೀಸಾದಲ್ಲಿ ಇನ್ನೂ ಕಡಿಮೆ ದಿನ ಬರೆದಿದ್ದರೆ ಅದೇ ಅಂತಿಮ. ಆ ವೀಸಾಗೆ ಪ್ರಯಾಣಕ್ಕೆ 6 ತಿಂಗಳಿಗಿಂತ ಮುಂಚೆ ಅರ್ಜಿ ಹಾಕೋಕೂ ಆಗಲ್ಲ. ಪಾಸ್‌ಪೋರ್ಟ್ ಅವಧಿ ಪ್ರವಾಸ ಮುಗಿದ ಮೇಲೂ 6 ತಿಂಗಳು ಉಳಿದಿರಲಿ.

ನಿಜವಾದ ಉಳಿತಾಯ ಇರೋದು ನಿಧಾನದಲ್ಲಿ. ವಾರಕ್ಕೊಂದು ಊರು ಬದಲಿಸಿದರೆ ಓಡಾಟಕ್ಕೇ ದುಡ್ಡು ಕರಗುತ್ತೆ. ಮನೆ ಬಾಡಿಗೆಯ ತಿಂಗಳ ರಿಯಾಯಿತಿ ಹಲವು ಕಡೆ 28 ರಾತ್ರಿಗೆ ಶುರುವಾಗುತ್ತೆ. 25 ರಾತ್ರಿ ಬೇಕಿದ್ದರೂ 28ರ ಬೆಲೆ ಒಮ್ಮೆ ಹಾಕಿ ನೋಡಿ, ಎಷ್ಟೋ ಸಲ ಅದೇ ಅಗ್ಗ.

ಇನ್ನೊಂದು: ಅಗ್ಗ ಅಂತ ಎರಡು ಬೇರೆ ಟಿಕೆಟ್ ಜೋಡಿಸಿದರೆ, ಮೊದಲ ವಿಮಾನ ತಡವಾದಾಗ ಎರಡನೆಯದು ನಿಮಗಾಗಿ ಕಾಯಲ್ಲ, ಹಣವೂ ಬರಲ್ಲ. ಬ್ಯಾಗ್ ತಗೊಂಡು ಮತ್ತೆ ಚೆಕ್‌ಇನ್ ಮಾಡಬೇಕು, ಅದಕ್ಕೆ ವಿಮಾನ ಬದಲಿಸುವ ದೇಶದ ವೀಸಾ ಬೇಕಾಗಬಹುದು. ಮಧ್ಯೆ ಒಂದು ರಾತ್ರಿ ಬಿಡಿ.